ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಸೇರಿ ಲಂಟಾನ ತೆಗೆಯಬೇಕು, ಎಲ್ಲಿಂದ ಶುರು ಮಾಡುವುದು?

ಚಾಮುಂಡಿತಪ್ಪಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಒಂದು ಸಣ್ಣ ತಂಡ. ಕೆರೆ ಸ್ವಚ್ಛ ಮಾಡುವುದು, ಗಿಡ ನೆಟ್ಟು ಬೇಸಿಗೆಯಲ್ಲಿ ನೀರು ಹಾಕುವುದು, ಇಷ್ಟೇ ನಮ್ಮ ಕೆಲಸ. ಈಗ ದಾನಿಗಳೊಬ್ಬರು ಬಿಳಿಗಿರಿರಂಗನ ಬೆಟ್ಟದ ಕಡೆ ಕಾಡನ್ನು ಆವರಿಸಿರುವ ಲಂಟಾನ ಅನ್ನುವ ಪೊದೆಕಳೆ ತೆಗೆಸಲು ಹಣ ಕೊಡುತ್ತೇನೆ ಅಂದಿದ್ದಾರೆ. ಅವರದು ಒಂದೇ ಮಾತು: ಕೆಲಸ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಜೊತೆ ಸೇರಿಯೇ ಆಗಬೇಕು, ಅವರ ತಿಳಿವಳಿಕೆ ಅದರಲ್ಲಿ ಇರಬೇಕು.

ನಮಗೂ ಅದೇ ಆಸೆ. ಆದರೆ "ಸೇರಿ" ಅಂದರೆ ನಿಜವಾಗಿ ಏನು ಮಾಡಬೇಕು ಅನ್ನುವುದು ಸ್ಪಷ್ಟವಿಲ್ಲ. ಕೂಲಿಗೆ ಕರೆದರೆ ಅದು ಸೇರಿದ ಹಾಗೆ ಆಗುವುದಿಲ್ಲ ಅಲ್ವಾ? ಯಾರನ್ನು ಕೇಳಬೇಕು, ಅರಣ್ಯ ಇಲಾಖೆಯನ್ನು ಮೊದಲೋ, ಪೋಡಿನ (ಸೋಲಿಗರ ಊರಿನ) ಯಜಮಾನರನ್ನು ಮೊದಲೋ? ನಮ್ಮ ತಂಡದ ಕೆಲವರಿಗೆ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಒಂದು ಪುಸ್ತಕ ತರಬೇಕು ಅಂತಲೂ ಇದೆ, ಅದು ಸರಿಯಾ? ಇನ್ನೊಂದು, ಸೋಲಿಗರು ಕಾಡಿಗೆ ಬೆಂಕಿ ಹಾಕುತ್ತಿದ್ದರು ಅಂತ ಕೇಳಿದ್ದೇವೆ. ಕಾಡು ಉಳಿಸುವವರು ಬೆಂಕಿ ಯಾಕೆ ಹಾಕುತ್ತಾರೆ ಅನ್ನುವುದು ನಮ್ಮಲ್ಲಿ ಕೆಲವರಿಗೆ ಅರ್ಥವೇ ಆಗಿಲ್ಲ. ಆ ಭಾಗ ಗೊತ್ತಿರುವವರು ದಯವಿಟ್ಟು ಹೇಳಿ.

ಕಾಡುನೆಲ್ಲಿ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೆಂಕಿಯ ವಿಷಯ ಗೊತ್ತಿಲ್ಲದೆ ಆ ಬೆಟ್ಟದ ಲಂಟಾನದ ಬಗ್ಗೆ ಮಾತಾಡುವುದಕ್ಕೇ ಆಗುವುದಿಲ್ಲ. ನಾನು ಆ ಕಾಡಿನಲ್ಲಿ ಗಿಡಗಳ ಅಧ್ಯಯನಕ್ಕೆ ಓಡಾಡಿದವಳು.

ಸೋಲಿಗರು ಹಾಕುತ್ತಿದ್ದದ್ದು ತರಗು ಬೆಂಕಿ. ಜನವರಿ, ಫೆಬ್ರವರಿ ಹೊತ್ತಿಗೆ, ಬಿಸಿಲು ಏರುವ ಮೊದಲು, ಉದುರಿದ ಎಲೆಗೆ ಹಚ್ಚುತ್ತಿದ್ದರು. ನೆಲಕ್ಕೆ ಅಂಟಿಕೊಂಡೇ ಹರಿಯುವ ಸಣ್ಣ ಬೆಂಕಿ ಅದು. ತರಗು ಸುಟ್ಟು, ಸಣ್ಣ ಸಸಿಗಳಲ್ಲಿ ಕೆಲವು ಹೋಗಿ, ಮಳೆ ಬಿದ್ದ ಮೇಲೆ ಹುಲ್ಲು ಚಿಗುರುತ್ತಿತ್ತು. ಹುಲ್ಲಿಗೆ ಕಡವೆ, ಕಾಟಿ ಬರುತ್ತಿದ್ದವು. ಏಪ್ರಿಲ್‌ನಲ್ಲಿ ದೊಡ್ಡ ಬೆಂಕಿ ಬಿದ್ದರೂ ಉರಿಯಲು ಜಾಸ್ತಿ ಸೌದೆ ಉಳಿದಿರುತ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಸೋಲಿಗರು ಕಾಡಿನೊಳಗೆ ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ತುಂಬಾ ಜನರನ್ನು ರಸ್ತೆ ಬದಿಯ, ಅಂಚಿನ ಪೋಡುಗಳಿಗೆ ಕೂರಿಸಿದರು, ಬೆಂಕಿ ಅಪರಾಧವಾಯಿತು. ಆಮೇಲೆ ಏನಾಯಿತು ಅನ್ನುವುದಕ್ಕೆ ಲೆಕ್ಕ ಇದೆ. ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಇಡೀ ವನ್ಯಧಾಮದಲ್ಲಿ ಒಂದೇ ಜಾಗಗಳನ್ನು ಎರಡು ಸಲ ನೋಡಿದರು. 1997ರಲ್ಲಿ ಶೇ. 41ರಷ್ಟು ಜಾಗಗಳಲ್ಲಿ ಲಂಟಾನ ಇತ್ತು. 2008ರಲ್ಲಿ ಶೇ. 81. ಹನ್ನೊಂದೇ ವರ್ಷದಲ್ಲಿ!

ಇಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಮಾತು ಒಂದಿದೆ. 2005ರ ಹೊತ್ತಿಗೆ ಇದೇ ಸಂಶೋಧಕರಲ್ಲಿ ಕೆಲವರು ಬರೆದದ್ದು ಬೇರೆ ಥರ ಇತ್ತು: ಬೆಂಕಿಯಿಂದ ಲಂಟಾನ ಹೆಚ್ಚುತ್ತದೆ, ಲಂಟಾನದಿಂದ ಬೆಂಕಿ ಹೆಚ್ಚುತ್ತದೆ, ಎರಡೂ ಒಂದನ್ನೊಂದು ಬೆಳೆಸುತ್ತವೆ ಅಂತ. ಅದು ಒಂದು ಊಹೆ, ಹಾಗಂತಲೇ ಬರೆದಿದ್ದರು. ಆಮೇಲೆ ಸೋಲಿಗರ ಜೊತೆ ಕೂತು ಕೇಳಿದಾಗ ಹಿರಿಯರು ಹೇಳಿದ್ದು ಇದಕ್ಕೆ ತಿರುಗುಮುರುಗು. ತರಗು ಬೆಂಕಿ ಇದ್ದಾಗ ಲಂಟಾನದ ಸಸಿ ಏಳುತ್ತಲೇ ಇರಲಿಲ್ಲ, ಬೆಂಕಿ ನಿಲ್ಲಿಸಿದ ಮೇಲೆ ಅದು ಹಬ್ಬಿದ್ದು ಅಂತ. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು, 2012ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಜೊತೆಗೆ ಕಲಿಯುವುದು ಅಂದರೆ ಇದು. ಸೋಲಿಗರನ್ನು ಕೇಳಿದ್ದರಿಂದ ಪ್ರಶ್ನೆಯೇ ಬದಲಾಯಿತು. ಬೆಂಕಿ ಬೇಕೋ ಬೇಡವೋ ಅನ್ನುವುದು ಹೋಗಿ ಯಾವ ಬೆಂಕಿ, ಯಾವ ತಿಂಗಳಲ್ಲಿ ಅನ್ನುವುದು ಬಂತು.

ನೆಲ್ಲಿಯ ಕತೆಯೂ ಹೀಗೇ. ನೆಲ್ಲಿ ಮರಗಳು ಸೊರಗುತ್ತಿವೆ ಅಂದಾಗ ಹೊರಗಿನವರು ಮೊದಲು ನೋಡಿದ್ದು ಕಾಯಿ ಕೀಳುವವರ ಕಡೆ. ಸೋಲಿಗರು ಮೇಲೆ ಕೊಂಬೆಯನ್ನು ತೋರಿಸಿದರು, ಅಲ್ಲಿ ಮರದ ಸಾರ ಹೀರಿ ಬದುಕುವ ಬದನಿಕೆ ಗಿಡ ಹತ್ತಿತ್ತು. ಬೆಂಕಿಯ ಶಾಖ, ಹೊಗೆ ಇಲ್ಲದ ಮೇಲೆ ಅದು ಜಾಸ್ತಿಯಾಗಿದೆ ಅನ್ನುವುದು ಅವರ ಮಾತು. ಇದರ ಮೇಲೂ 2010ರಲ್ಲಿ ಅಧ್ಯಯನ ಬಂತು. ಮರ ಸಾಯಲು ಬದನಿಕೆಯ ಪಾಲು ದೊಡ್ಡದು ಅನ್ನುವುದನ್ನು ಸೋಲಿಗರನ್ನು ಕೇಳದೆ ಇದ್ದಿದ್ದರೆ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಈ ಅಧ್ಯಯನಗಳು ಬರುವ ಮೊದಲೇ, 2006ರಲ್ಲಿ, ಬೆಟ್ಟದಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ ತಡೆ ಬಿದ್ದಿತ್ತು. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಪಾಚಿ (ಕಲ್ಲುಹೂವು) ಎಲ್ಲ. ಅದಕ್ಕೆ ಮೊದಲಿನ ಅಧ್ಯಯನಗಳ ಪ್ರಕಾರ ಸೋಲಿಗರ ಕೈಗೆ ಬರುತ್ತಿದ್ದ ದುಡ್ಡಿನಲ್ಲಿ ಅರ್ಧದಷ್ಟೋ ಅದಕ್ಕಿಂತ ಜಾಸ್ತಿಯೋ ಇದರಿಂದಲೇ ಬರುತ್ತಿತ್ತು. ನಿಮ್ಮ ತಂಡದವರು ಈ ಹಿನ್ನೆಲೆ ತಿಳಿದುಕೊಂಡೇ ಬೆಟ್ಟ ಹತ್ತಲಿ.

ಪೋಡಿನಹುಡುಗ:

ಅಕ್ಕ, ನಾನು ಸೋಲಿಗ. ಯಳಂದೂರು ತಾಲೂಕಿನ ಒಂದು ಪೋಡಿನವನು, ಡಿಗ್ರಿ ಮುಗಿಸಿ ಈಗ ಊರಿನಲ್ಲೇ ಇದ್ದೇನೆ. ಕೇಳಿದ್ದು ಸಂತೋಷ. ಕೇಳದೆ ಬರುವವರೇ ಜಾಸ್ತಿ.

ಬದನಿಕೆಗೆ ನಾವು ಉಪ್ಪಿಲು ಅನ್ನುತ್ತೇವೆ. ನಮ್ಮ ಅಜ್ಜ ಈಗಲೂ ನೆಲ್ಲಿ ಮರದ ಕೆಳಗೆ ನಿಂತರೆ ಮೊದಲು ಉಪ್ಪಿಲು ನೋಡಿ ಬೈದುಕೊಳ್ಳುತ್ತಾರೆ, ಆಮೇಲೆ ಕಾಯಿ ನೋಡುತ್ತಾರೆ.

ಯಾರನ್ನು ಕೇಳಬೇಕು ಅಂದಿರಿ. ಗ್ರಾಮಸಭೆಯನ್ನು ಕೇಳಿ. ಪಂಚಾಯಿತಿಯ ಗ್ರಾಮಸಭೆ ಅಲ್ಲ, ಊರಿನ ವಯಸ್ಕರೆಲ್ಲ ಸೇರುವ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ. 2006ರ ಆ ಕಾಯ್ದೆಯಲ್ಲಿ ಸಮುದಾಯದ ಕಾಡನ್ನು ಕಾಯುವ, ಬೆಳೆಸುವ, ನೋಡಿಕೊಳ್ಳುವ ಹಕ್ಕು ನಮಗೆ ಅಂತ ಬರೆದಿದೆ. 2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಮಾಡಿದರು, ಅದೇ ವರ್ಷ ಅಕ್ಟೋಬರ್ 2ಕ್ಕೆ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು, ಜೇನು, ನೆಲ್ಲಿ ತರುವ ಹಕ್ಕೂ ಅದರಲ್ಲಿದೆ. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನಮ್ಮ ಸೋಲಿಗ ಅಭಿವೃದ್ಧಿ ಸಂಘದವರು, ಹಿರಿಯರು, ಜೊತೆಗೆ ನಿಂತ ಸಂಸ್ಥೆಗಳವರು ವರ್ಷಗಟ್ಟಲೆ ಅಲೆದು ತಂದದ್ದು ಅದು. ಆಮೇಲೂ ಸುಲಭ ಇರಲಿಲ್ಲ. 2017ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಲಿಗಳ ಮುಖ್ಯ ನೆಲೆಯಲ್ಲಿ ಈ ಹಕ್ಕು ಕೊಡಬೇಡಿ ಅಂತ ಆದೇಶ ಹೊರಡಿಸಿತ್ತು, ಮಾರನೇ ವರ್ಷ ವಾಪಸ್ ತೆಗೆದುಕೊಂಡಿತು.

ಅದಕ್ಕೇ ಹೇಳುತ್ತಿರುವುದು, ಯಾವ ಪೋಡಿನ ಕಾಡಿನಲ್ಲಿ ಕೆಲಸ ಮಾಡುತ್ತೀರೋ ಆ ಗ್ರಾಮಸಭೆಯ ಮುಂದೆ ಬಂದು ಕೂತು ಮಾತಾಡಿ. ಒಬ್ಬ ಯಜಮಾನರನ್ನು ಹಿಡಿದು ಸಹಿ ಹಾಕಿಸಿಕೊಂಡು ಹೋದರೆ ಆಗುವುದಿಲ್ಲ. ಹೆಂಗಸರು ಬಂದಿರುವ ಸಭೆ ಆಗಿರಲಿ. ಸೌದೆಗೆ, ಸೊಪ್ಪಿಗೆ, ಗೆಣಸಿಗೆ ಅಂತ ಕಾಡಿನಲ್ಲಿ ಜಾಸ್ತಿ ಓಡಾಡುವವರು ಅವರು, ಲಂಟಾನದ ಪೊದೆಯೊಳಗೆ ಕರಡಿಯೋ ಆನೆಯೋ ಇದೆಯಾ ಅಂತ ದಿನಾ ಹೆದರುವವರೂ ಅವರೇ. ಎಲ್ಲಿ ಮೊದಲು ತೆಗೆಯಬೇಕು ಅಂತ ಅವರನ್ನು ಕೇಳಿ. ನೀವು ಮೈಸೂರಿನಲ್ಲಿ ಕೂತು ಮ್ಯಾಪಿನಲ್ಲಿ ಗುರುತು ಮಾಡಿಕೊಂಡು ಬರಬೇಡಿ.

ಜಾಗದ ವಿಷಯ ಇನ್ನೊಂದಿದೆ. ನಮ್ಮ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದ್ದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಅನ್ನುವ ಶಕ್ತಿ, ಕಲ್ಲುಗುಡಿ ಅನ್ನುವ ಸಮಾಧಿ ಕಲ್ಲು, ಅಬ್ಬಿ ಅಂದರೆ ನೀರಿನ ಒರತೆ ಇರುತ್ತವೆ. ನಮ್ಮವರು ಏಟ್ರೀಯವರ ಜೊತೆ ನಡೆದು ಇಂಥ ನೂರಾರು ಜಾಗ ಗುರುತಿಸಿ ಮ್ಯಾಪ್ ಮಾಡಿದ್ದಾರೆ. ಹಕ್ಕು ಕೇಳುವಾಗ ಆ ಮ್ಯಾಪ್ ನಮಗೆ ಬಲವಾಯಿತು. ನೋಡಿ, ಮಾಹಿತಿ ನಮ್ಮ ಕೈಯಲ್ಲಿ ಉಳಿದು ನಮ್ಮ ಕೆಲಸಕ್ಕೆ ಬಂದರೆ ಯಾರಿಗೂ ಬೇಸರ ಇಲ್ಲ. ಒಂದು ಸಲ ಹೊರಗಿನ ಒಂದು ತಂಡ ಬಂದು ಔಷಧಿ ಗಿಡಗಳ ಬಗ್ಗೆ ನಮ್ಮ ಅಜ್ಜಿಯಿಂದ ಎಲ್ಲ ಹೇಳಿಸಿಕೊಂಡು, ವಿಡಿಯೋ ಮಾಡಿಕೊಂಡು ಹೋದವರು ವಾಪಸ್ ಬರಲೇ ಇಲ್ಲ. ಅದರಿಂದ ಏನು ಮಾಡಿದರು, ಯಾರಿಗೆ ಕೊಟ್ಟರು, ಏನೂ ಗೊತ್ತಿಲ್ಲ. ಅಜ್ಜಿ ಈಗ ಹೊಸಬರ ಮುಂದೆ ಬಾಯಿ ಬಿಡುವುದಿಲ್ಲ. ಪುಸ್ತಕ ಅಂದಿರಲ್ಲ ಅಕ್ಕ, ಅದನ್ನು ಈಗಲೇ ತರಬೇಡಿ. ಮೊದಲು ಲಂಟಾನದ ಕೆಲಸ ಮಾಡೋಣ. ಆಮೇಲೆ ನಮ್ಮ ಮಕ್ಕಳಿಗೆ ಓದಲು ಒಂದು ಪುಸ್ತಕ ಬೇಕು ಅಂತ ಪೋಡಿನವರಿಗೇ ಅನಿಸಿದರೆ ಆಗ ಮಾಡಬಹುದು.

ಹುಲಿ ಉಳಿಯಬೇಕಾದರೆ ಜನ ಹೊರಗೆ ಹೋಗಬೇಕು ಅನ್ನುವವರು ನಿಮ್ಮ ತಂಡದಲ್ಲೂ ಇರಬಹುದು. 2010ರಲ್ಲಿ ಬೆಟ್ಟದಲ್ಲಿ 35 ಹುಲಿ, 2014ರಲ್ಲಿ 68 ಅಂತ ವರದಿಯಾಯಿತು. ಆ ಎಲ್ಲ ವರ್ಷ ನಾವು ಒಳಗೇ ಇದ್ದೆವು. ನಮ್ಮಿಂದಲೇ ಹೆಚ್ಚಿತು ಅಂತ ನಾನು ಹೇಳುವುದಿಲ್ಲ, ಇಲಾಖೆಯ ಕಾವಲು ಇದೆ, ಆ ಕಾವಲಿನಲ್ಲೂ ನಮ್ಮ ಹುಡುಗರು ಇದ್ದಾರೆ. ಆದರೆ ನಾವಿದ್ದರೆ ಹುಲಿ ಇರುವುದಿಲ್ಲ ಅನ್ನುವ ಮಾತು ನಮಗೆ ತುಂಬಾ ನೋವು ಕೊಡುತ್ತದೆ.

ಬೀಟುಗಸ್ತು:

ನಾನು ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಬೆಂಕಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಇದನ್ನು ಓದಿ ಯಾರಾದರೂ ಬೆಂಕಿಪೊಟ್ಟಣ ತೆಗೆದುಕೊಂಡು ಹೋದರೆ ಕಷ್ಟ.

ಸೋಲಿಗರು ತರಗು ಬೆಂಕಿ ಹಾಕುತ್ತಿದ್ದ ಕಾಡು ಈಗಿನ ಕಾಡಲ್ಲ. ಆಗ ಕೆಳಗೆ ಹುಲ್ಲು, ತರಗು. ಈಗ ಆಳೆತ್ತರಕ್ಕೂ ಮೀರಿದ ಲಂಟಾನ, ಮರಕ್ಕೂ ಹತ್ತಿಕೊಂಡಿದೆ. ಅದಕ್ಕೆ ಬೆಂಕಿ ಬಿದ್ದರೆ ನೆಲದಲ್ಲಿ ನಿಲ್ಲುವುದಿಲ್ಲ, ಮರದ ತಲೆಗೇ ಹೋಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರಿಯಿತು ಅಂತ ಎಲ್ಲರೂ ನೋಡಿದ್ದೇವೆ. ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಅದಕ್ಕೆ ಅದೇನೂ ಲೆಕ್ಕಕ್ಕಿಲ್ಲ. ಜೊತೆಗೆ ವನ್ಯಧಾಮದಲ್ಲಿ ಬೆಂಕಿ ಹಚ್ಚುವುದು ವನ್ಯಜೀವಿ ಕಾಯ್ದೆಯ 30ನೇ ಕಲಮಿನಲ್ಲಿ ಅಪರಾಧ. ಕೇಸು ಬೀಳುವುದು ಪೋಡಿನ ಹುಡುಗರ ಮೇಲೆ, ಮೈಸೂರಿನವರ ಮೇಲಲ್ಲ.

ಆದ್ದರಿಂದ ಮೊದಲು ಲಂಟಾನ ಕೈಯಿಂದ ತೆಗೆಯಬೇಕು. ಮೇಲೆ ಮೇಲೆ ಕತ್ತರಿಸಿದರೆ ದುಡ್ಡು ದಂಡ, ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರು ತೋರಿಸಿಕೊಟ್ಟ ಕ್ರಮ ಒಳ್ಳೆಯದು: ಬುಡದ ಹತ್ತಿರ ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಬಿಡುವುದು. ನೆಲ ಜಾಸ್ತಿ ಕೆದಕಿದ ಹಾಗೂ ಆಗುವುದಿಲ್ಲ. ಆಮೇಲೆ ಎರಡು ಮೂರು ಮಳೆಗಾಲ ಅದೇ ಜಾಗಕ್ಕೆ ಹೋಗಿ ಹೊಸ ಸಸಿ ಕೀಳಬೇಕು, ಮುಖ್ಯವಾಗಿ ಹಕ್ಕಿಗಳು ಕೂರುವ ಮರಗಳ ಕೆಳಗೆ, ಹಣ್ಣು ತಿಂದು ಬೀಜ ಅಲ್ಲೇ ಉದುರಿಸುತ್ತವೆ. ದಾನಿಗಳಿಗೆ ಇದನ್ನು ಮೊದಲೇ ಹೇಳಿ. ಒಂದೇ ವರ್ಷದ ಹಣ ಆದರೆ ಬೇಡವೇ ಬೇಡ. ಹೀಗೆ ತೆಗೆದು ಹುಲ್ಲು ಬಂದ ಸಣ್ಣ ಜಾಗಗಳಲ್ಲಿ, ಇಲಾಖೆ ಮತ್ತು ಗ್ರಾಮಸಭೆ ಇಬ್ಬರೂ ಒಪ್ಪಿ, ತರಗು ಬೆಂಕಿಯನ್ನು ಪರೀಕ್ಷೆಗೆ ಹಾಕಿ ನೋಡುವ ದಿನ ಬರಲಿ ಅನ್ನುವ ಆಸೆ ನನಗೂ ಇದೆ. ನಾನು ಕೆಲಸದಲ್ಲಿದ್ದಾಗ ಬೇಸಿಗೆಯಲ್ಲಿ ಗಾಳಿ ಯಾವ ಕಡೆ ತಿರುಗುತ್ತದೆ, ಬೆಂಕಿ ರೇಖೆ ಎಲ್ಲಿ ನಿಲ್ಲಿಸಬೇಕು ಅಂತ ಸೋಲಿಗ ವಾಚರ್‌ಗಳನ್ನು ಕೇಳದೆ ಹೆಜ್ಜೆ ಇಟ್ಟವನಲ್ಲ.

ಇಲಾಖೆಯ ಅನುಮತಿ ಬೇಕೇ ಬೇಕು. ಹೋಗುವಾಗ ಗ್ರಾಮಸಭೆಯ ಠರಾವು ಕೈಯಲ್ಲಿ ಹಿಡಿದುಕೊಂಡು, ಗ್ರಾಮಸಭೆಯವರನ್ನೂ ಕರೆದುಕೊಂಡು ಹೋಗಿ. ಅವರನ್ನು ಹೊರಗೆ ನಿಲ್ಲಿಸಿ ನೀವು ಒಳಗೆ ಮಾತಾಡಬೇಡಿ.

ಡಾರ್ವಿನ್‌ಕನ್ನಡಿಗ:

ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿದ್ದೇನೆ, ಊರು ಕೊಳ್ಳೇಗಾಲ. ಬೀಟುಗಸ್ತು ಅವರ ಆಸೆ ಇಲ್ಲಿ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪಶ್ಚಿಮ ಆರ್ನೆಮ್ ಲ್ಯಾಂಡ್ ಅನ್ನುವ ಪ್ರದೇಶದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಅವರ ನೆಲದಿಂದ ಊರುಗಳಿಗೆ ಎಳೆದುಕೊಂಡ ಮೇಲೆ, ವರ್ಷದ ಕೊನೆಯ ಬಿರುಬಿಸಿಲಿನಲ್ಲಿ ದೊಡ್ಡ ಬೆಂಕಿಗಳು ಶುರುವಾದವು. ಹಿರಿಯರು ವಾಪಸ್ ತಮ್ಮ ನೆಲಕ್ಕೆ ಹೋಗಿ, ಮಳೆ ಮುಗಿದು ಒಣ ಕಾಲ ಶುರುವಾಗುವ ಮೊದಲ ತಿಂಗಳುಗಳಲ್ಲೇ ಅಲ್ಲಲ್ಲಿ ಸಣ್ಣ ಬೆಂಕಿ ಹಾಕುವುದನ್ನು ಮತ್ತೆ ಶುರು ಮಾಡಿದರು. ವಿಜ್ಞಾನಿಗಳು ಅವರ ಜೊತೆ ಸೇರಿ ಅಳೆದರು. 2006ರಿಂದ ಇದು ಸುಮಾರು 28,000 ಚದರ ಕಿಲೋಮೀಟರ್‌ನಲ್ಲಿ ನಡೆಯುತ್ತಿದೆ. ದೊಡ್ಡ ಬೆಂಕಿ ಕಡಿಮೆಯಾದ್ದರಿಂದ ಎಷ್ಟು ಹೊಗೆ ಗಾಳಿಗೆ ಸೇರುವುದು ತಪ್ಪಿತು ಅಂತ ಲೆಕ್ಕ ಹಾಕಿ, ಒಂದು ಅನಿಲ ಕಂಪನಿ ತಾನು ಬಿಡುವ ಹೊಗೆಗೆ ಸರಿದೂಗಿಸಲು ಅದಕ್ಕೆ ಹಣ ಕೊಟ್ಟಿತು. ಆ ಹಣ ಮೂಲನಿವಾಸಿ ರೇಂಜರ್ ತಂಡಗಳ ಸಂಬಳಕ್ಕೆ ಹೋಯಿತು.

ಇಲ್ಲಿನ ನೆಲ ಬೇರೆ, ಜನ ವಿರಳ, ನಮ್ಮ ಬೆಟ್ಟದ ಹಾಗಲ್ಲ. ಸುಮ್ನೆ ನಕಲು ಮಾಡಿ ಅಂತ ಹೇಳುತ್ತಿಲ್ಲ. ಆದರೆ ಇಲ್ಲಿ ಇದು ನಡೆದದ್ದಕ್ಕೆ ದೊಡ್ಡ ಕಾರಣ ನೆಲ ಅವರ ಹೆಸರಿನಲ್ಲಿದೆ. ಬೆಂಕಿ ಹಾಕುವ ತೀರ್ಮಾನ ಅವರದ್ದು.

ಸೀಗೆಮೆಳೆ:

ದುಡ್ಡಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಇದು. ಕೇರಳದ ಅಗಸ್ತ್ಯ ಬೆಟ್ಟದ ಕಾಣಿ ಜನರ ವಿಷಯ ಓದಿಕೊಳ್ಳಿ. 1987ರಲ್ಲಿ ವಿಜ್ಞಾನಿಗಳ ಜೊತೆ ದಾರಿ ತೋರಿಸಲು ಹೋಗಿದ್ದ ಕಾಣಿಗಳು ಆಯಾಸವಾಗದಿರಲೆಂದು ಒಂದು ಗಿಡದ ಕಾಯಿ ತಿನ್ನುತ್ತಿದ್ದರು. ಆರೋಗ್ಯಪಚ್ಚ ಅಂತ ಗಿಡ. ಅದರಿಂದ ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಜೀವನಿ ಅನ್ನುವ ಔಷಧಿ ಮಾಡಿತು, 1995ರಲ್ಲಿ ಒಂದು ಆಯುರ್ವೇದ ಕಂಪನಿಗೆ 10 ಲಕ್ಷ ರೂಪಾಯಿಗೆ ಪರವಾನಗಿ ಕೊಟ್ಟಿತು, ಮಾರಾಟದ ಮೇಲೆ ಶೇ. 2 ರಾಯಧನ (ರಾಯಲ್ಟಿ) ಬೇರೆ. ಅದರಲ್ಲಿ ಅರ್ಧ ಕಾಣಿಗಳಿಗೆ ಅಂತ ಒಪ್ಪಿದರು, 1997ರಲ್ಲಿ ಅವರದ್ದೇ ಟ್ರಸ್ಟ್ ಆಯಿತು. ಲೋಕವೆಲ್ಲ ಇದನ್ನು ಮಾದರಿ ಅಂದಿತು. ಆದರೆ ಒಳಗೆ ತೊಡಕು ಇತ್ತು: ಮಾತಾಡಿದ್ದು ಕೆಲವೇ ಕಾಣಿಗಳ ಜೊತೆ, ಬೇರೆ ಕಡೆಯ ಕಾಣಿಗಳನ್ನು ಯಾರೂ ಕೇಳಿರಲಿಲ್ಲ. ಗಿಡ ಬೆಳೆದು ಮಾರಲು ಹೋದರೆ ಕಾಡಿನ ಕಾನೂನು ಅಡ್ಡ ಬಂತು. ಪಾಲು ಕೊಡುವ ಮನಸ್ಸಿದ್ದರೂ ಎಲ್ಲರನ್ನೂ ಕೂರಿಸಿ ಮೊದಲೇ ಮಾತಾಡದಿದ್ದರೆ ಹೀಗಾಗುತ್ತದೆ.

ನಿಮ್ಮ ಕೆಲಸದಲ್ಲಿ ತೆಗೆದ ಲಂಟಾನದ ಕಡ್ಡಿ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದನ್ನು ಬೇಯಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ತಮಿಳುನಾಡಿನ ಗೂಡಲೂರು ಕಡೆ ಬೆಟ್ಟಕುರುಂಬರು, ಪಣಿಯರು, ಕಾಟ್ಟುನಾಯಕರು, ಸೋಲಿಗರು ಮಾಡಿದ ಲಂಟಾನದ ಆನೆಗಳು 2021ರಲ್ಲಿ ಲಂಡನ್‌ನ ಪಾರ್ಕುಗಳಲ್ಲಿ ನಿಂತಿದ್ದವು. ಆದರೆ ಕುರ್ಚಿಗೆ ಬೇಡಿಕೆ ಬಂತೆಂದು ಲಂಟಾನ ಉಳಿಸಿಕೊಳ್ಳುವ ಹಾಗೆ ಆಗಬಾರದು, ಕಾಡಿಗೆ ಅದು ಹೋಗಲೇಬೇಕು.

ಚಾಮುಂಡಿತಪ್ಪಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ತಂಡದವರು ಒಟ್ಟಿಗೆ ಕೂತು ಓದಿದೆವು. ಪುಸ್ತಕದ ಯೋಚನೆ ಬಿಟ್ಟಿದ್ದೇವೆ. ದಾನಿಗಳ ಜೊತೆ ಮೂರು ವರ್ಷದ ಮಾತಾಡುತ್ತೇವೆ. ಅವರು ಒಪ್ಪದಿದ್ದರೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಅಂತ ತೀರ್ಮಾನ ಆಗಿದೆ.

ಪೋಡಿನಹುಡುಗ, ನಿಮಗೆ ಎರಡು ಪ್ರಶ್ನೆ ತಮ್ಮ. ಸಭೆಗೆ ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು? ಬರುವಾಗ ಏನು ಸಿದ್ಧ ಮಾಡಿಕೊಂಡು ಬರಬೇಕು?

ಪೋಡಿನಹುಡುಗ:

ಡಿಸೆಂಬರ್‌ನಿಂದ ಫೆಬ್ರವರಿ ತನಕ ಬೇಡ ಅಕ್ಕ. ನಮ್ಮ ಕಾಫಿ ಕುಯ್ಲು ಇರುತ್ತದೆ, ಎಷ್ಟೋ ಮನೆಯವರು ಕೊಡಗಿನ ತೋಟಗಳಿಗೂ ಹೋಗಿರುತ್ತಾರೆ. ಏಪ್ರಿಲ್, ಮೇನಲ್ಲಿ ಹೆಜ್ಜೇನಿನ ಕಾಲ, ಗಂಡಸರು ಕಾಡಿನಲ್ಲಿ. ಮಳೆ ಶುರುವಾದ ಮೇಲೆ ಆಗಸ್ಟ್ ಹೊತ್ತಿಗೆ ಬಂದರೆ ಜನ ಸಿಗುತ್ತಾರೆ, ಲಂಟಾನದ ಬುಡ ಕೀಳಲು ನೆಲವೂ ಮೆತ್ತಗಿರುತ್ತದೆ. ಸಂಜೆ ಸಭೆ ಇಟ್ಟುಕೊಳ್ಳಬೇಡಿ, ಆನೆ ಓಡಾಡುವ ದಾರಿ. ಬೆಳಿಗ್ಗೆ ಹತ್ತಕ್ಕೆ ಬಂದು ಮಧ್ಯಾಹ್ನ ಊಟ ನಮ್ಮ ಜೊತೆ ಮಾಡಿಕೊಂಡು ಇಳಿದುಬಿಡಿ.

ಸಿದ್ಧ ಮಾಡಿಕೊಂಡು ಬರಬೇಕಾದದ್ದು ಒಂದೇ ಹಾಳೆ ಸಾಕು, ಕನ್ನಡದಲ್ಲಿ. ಒಟ್ಟು ಹಣ ಎಷ್ಟು, ಅದರಲ್ಲಿ ನಿಮ್ಮ ತಂಡದ ಖರ್ಚು ಎಷ್ಟು, ದಿನಗೂಲಿ ಎಷ್ಟು ಅಂತ ಯೋಚಿಸಿದ್ದೀರಿ, ಗಂಡಸಿಗೂ ಹೆಂಗಸಿಗೂ ಒಂದೇನಾ, ಯಾರಿಗಾದರೂ ಆನೆಯಿಂದ, ಕರಡಿಯಿಂದ ಪೆಟ್ಟಾದರೆ ಏನು ಮಾಡುತ್ತೀರಿ, ವಿಮೆ ಇದೆಯಾ. ಹಣ ಗ್ರಾಮಸಭೆಯ ಸಮಿತಿಯ ಖಾತೆಗೆ ಬರುತ್ತದಾ ಇಲ್ಲವಾ ಅಂತಲೂ ಬರೆಯಿರಿ. ಓದು ಬರದವರು ಇರುತ್ತಾರೆ, ಅದಕ್ಕೆ ಸಭೆಯಲ್ಲಿ ಜೋರಾಗಿ ಓದಿ ಹೇಳಬೇಕು. ಅವತ್ತೇ ಉತ್ತರ ಕೇಳಬೇಡಿ. ಹಾಳೆ ಬಿಟ್ಟು ಹೋಗಿ, ನಮ್ಮವರು ತಮ್ಮಲ್ಲೇ ಮಾತಾಡಿಕೊಂಡು ಹೇಳುತ್ತಾರೆ. ಬೇಡ ಅಂದರೂ ಅನ್ನಬಹುದು, ಅಥವಾ ಲಂಟಾನಕ್ಕಿಂತ ಮೊದಲು ಕುಡಿಯುವ ನೀರಿನ ಅಬ್ಬಿಯ ಸುತ್ತ ಕೆಲಸ ಮಾಡೋಣ ಅನ್ನಬಹುದು. ಅದಕ್ಕೂ ದಾನಿಗಳನ್ನು ಒಪ್ಪಿಸಿಕೊಂಡು ಬನ್ನಿ.